ಜೀಪಿಗೆ ಎರಡನೇ ಬ್ಯಾಟರಿ ಬೇಕಾ? ಒಂದು ಬಿಕಾಂ ಲೆಕ್ಕ

ಭಾಗ 1/10

ಆಫ್‌ರೋಡ್ ಪೇಜ್‌ಗಳನ್ನ ಫಾಲೋ ಮಾಡೋ ಎಲ್ಲರಿಗೂ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತೆ: ಗಾಡಿಗೆ ಡ್ಯುಯಲ್ ಬ್ಯಾಟರಿ ಹಾಕಿಸಬೇಕಾ, ಬೇಡ್ವಾ?

ಇಂಟರ್ನೆಟ್ಟಲ್ಲಿ ಉತ್ತರ ರೆಡಿ ಇದೆ. "ಹಾಕಿಸಿ." ಯಾಕಂದ್ರೆ ಉತ್ತರ ಕೊಡೋರಲ್ಲಿ ಅರ್ಧ ಜನ ಅದನ್ನ ಮಾರೋರು. ಇನ್ನರ್ಧ ಜನ ಈಗಾಗಲೇ ಹಾಕಿಸಿಕೊಂಡಿರೋರು, ಅವರು ದುಡ್ಡು ಹಾಕಿದ ಮೇಲೆ ಬೇಡ ಅಂತ ಹೇಳೋಕಾಗುತ್ತಾ?

ನಮ್ಮ ಮನೇಲಿ ಈ ಪ್ರಶ್ನೆಗೆ ಒಂದು ಬೆಲೆ ಇತ್ತು. 80,000 ರೂಪಾಯಿ, ಈ ವರ್ಷದ ಮೆಣಸಿನ ದುಡ್ಡು. ಅದರಲ್ಲಿ ದೊಡ್ಡಮ್ಮನ ಸರ ಬಿಡಿಸೋ ಕಡೆ ಕಟ್ಟಬೇಕು ಅಂತ ಮಾತಾಗಿತ್ತು. ಅಣ್ಣ (ದೊಡ್ಡಪ್ಪನ ಮಗ) ಜೀಪು ತಗೊಳ್ಳುವಾಗ ಆ ಸರ ಬ್ಯಾಂಕಿಗೆ ಹೋಗಿದ್ದು ಇನ್ನೂ ವಾಪಸ್ ಬಂದಿಲ್ಲ. ಈಗ ಅಣ್ಣ ನಮ್ಮದೇ ಬ್ಯಾಣದ ಮೇಲೆ ವಾರಾಂತ್ಯದ ಕ್ಯಾಂಪಿಂಗ್ ಶುರು ಮಾಡ್ತೀನಿ ಅಂತಿದ್ದಾನೆ. ಜೀಪಲ್ಲಿ ಫ್ರಿಜ್, ಲೈಟು, ಫೋನ್ ಚಾರ್ಜಿಂಗ್. ಅದಕ್ಕೆ ಎರಡನೇ ಬ್ಯಾಟರಿ. ಕೊಟೇಶನ್: 62,000.

ದೊಡ್ಡಪ್ಪ ನನ್ನ ಕಡೆ ನೋಡಿ ಒಂದೇ ಮಾತು ಹೇಳಿದ್ರು. "ಬಿಕಾಂ ಓದ್ತಿದ್ದೀಯಲ್ಲ ಪುಟ್ಟಿ, ಲೆಕ್ಕ ಹಾಕು."

ಹಾಕಿದೆ. ಎರಡು ವಾರ ಆಯ್ತು. ಅದರ ಪೂರ್ತಿ ಕಥೆ ಈ ಹತ್ತು ಕ್ಯಾಪ್ಶನ್‌ಗಳಲ್ಲಿದೆ. ಮೊದಲ ಫೋಟೋದಲ್ಲಿರೋದು ನಮ್ಮ ಜೀಪು. ಹಿಂದೆ ಕಾಣ್ತಿರೋದು ಮಂಜು, ಫಿಲ್ಟರ್ ಅಲ್ಲ.

ಭಾಗ 2/10

ಮೊದಲು ಬ್ಯಾಟರಿ ಅಂದ್ರೆ ಏನು ಅಂತ ಸರಿಯಾಗಿ ತಿಳ್ಕೊಳ್ಳೋಣ. ಇದು ಗೊತ್ತಾದ್ರೆ ಅರ್ಧ ಗೊಂದಲ ಇಲ್ಲೇ ಮುಗಿಯುತ್ತೆ.

ಬಾನೆಟ್ ಒಳಗಿರೋ ಬ್ಯಾಟರಿಗೆ ಇರೋದು ಒಂದೇ ದೊಡ್ಡ ಕೆಲಸ: ಇಂಜಿನ್ ಸ್ಟಾರ್ಟ್ ಮಾಡೋದು. ಕೆಲವೇ ಸೆಕೆಂಡು, ಆದ್ರೆ ಡೀಸೆಲ್ ಇಂಜಿನ್ ತಿರುಗಿಸೋಕೆ ನೂರಾರು ಆಂಪಿಯರ್ ಬೇಕು. ಅದಕ್ಕೇ ಒಳಗೆ ತೆಳ್ಳಗಿನ ಪ್ಲೇಟುಗಳು ತುಂಬಾ ಇರ್ತಾವೆ. ಒಂದೇ ಸಲಕ್ಕೆ ಜೋರಾಗಿ ಕರೆಂಟ್ ಕೊಡುತ್ತೆ, ಆಮೇಲೆ ಆಲ್ಟರ್ನೇಟರ್ ಅದನ್ನ ತುಂಬಿಸುತ್ತೆ.

ಡೀಪ್ ಸೈಕಲ್ ಬ್ಯಾಟರಿ ಬೇರೆ ಜಾತಿ. ಪ್ಲೇಟು ದಪ್ಪ. ಸಣ್ಣ ಕರೆಂಟನ್ನ ಗಂಟೆಗಟ್ಟಲೆ ಕೊಡುತ್ತೆ, ಖಾಲಿಯಾಗಿ ತುಂಬಿ ಮತ್ತೆ ಖಾಲಿಯಾಗೋದನ್ನ ತಡ್ಕೊಳ್ಳುತ್ತೆ.

ನಮ್ಮೂರ ಭಾಷೇಲಿ ಹೇಳೋದಾದ್ರೆ: ಒಬ್ಬ ಸರಸರ ಅಂತ ಅಡಿಕೆ ಮರ ಹತ್ತಿ ಗೊನೆ ಇಳಿಸಿ ಬರೋನು. ಇನ್ನೊಬ್ಬ ಬೆಳಗಿಂದ ಸಂಜೆ ತನಕ ಗದ್ದೇಲಿ ನಾಟಿ ಮಾಡೋನು. ಇಬ್ರೂ ಗಟ್ಟಿಗರೇ. ಕೆಲಸ ಅದಲುಬದಲು ಮಾಡಿದ್ರೆ ಇಬ್ರೂ ಸುಸ್ತು.

ಸ್ಟಾರ್ಟಿಂಗ್ ಬ್ಯಾಟರಿನ ರಾತ್ರಿಯೆಲ್ಲಾ ಫ್ರಿಜ್‌ಗೆ ಕೊಟ್ಟು ಪದೇ ಪದೇ ಖಾಲಿ ಮಾಡಿದ್ರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ನಾಲ್ಕು ವರ್ಷ ಬರೋದು ಎರಡೇ ವರ್ಷಕ್ಕೆ ಮುಗಿದ್ರೂ ಆಶ್ಚರ್ಯ ಇಲ್ಲ.

ಈ ನಂಬರ್‌ಗಳು ನೆನಪಿರಲಿ. ಗಾಡಿ ಕೆಲವು ಗಂಟೆ ನಿಂತ ಮೇಲೆ ಮಲ್ಟಿಮೀಟರ್ ಹಿಡಿದ್ರೆ:
12.6 ವೋಲ್ಟ್ ಅಥವಾ ಜಾಸ್ತಿ: ಫುಲ್
12.2 ಸುಮಾರು: ಅರ್ಧ
12.0 ಸುಮಾರು: ಕಾಲು ಭಾಗ ಉಳಿದಿದೆ
ಇಂಜಿನ್ ಓಡ್ತಿರುವಾಗ 13.8ರಿಂದ 14.4 ಇದ್ರೆ ಆಲ್ಟರ್ನೇಟರ್ ಸರಿ ಇದೆ.

ಮಲ್ಟಿಮೀಟರ್ ಹಾರ್ಡ್‌ವೇರ್ ಅಂಗಡೀಲಿ ಕೆಲವೇ ನೂರು ರೂಪಾಯಿ. 62,000ದ ಮಾತಾಡೋಕ್ ಮುಂಚೆ ಅದನ್ನ ತಗೊಳ್ಳಿ.

ಭಾಗ 3/10

ಈ ಡ್ಯುಯಲ್ ಬ್ಯಾಟರಿ ಹುಚ್ಚು ನಮಗೆ ಹೆಚ್ಚಾಗಿ ಬಂದಿದ್ದು ಆಸ್ಟ್ರೇಲಿಯಾದ ವಿಡಿಯೋಗಳಿಂದ. ಅಲ್ಲಿ ಅದು ಹುಚ್ಚಲ್ಲ.

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಯಾನಿಂಗ್ ಸ್ಟಾಕ್ ರೂಟ್ ಅಂತ ಒಂದು ದಾರಿ ಇದೆ. ಸುಮಾರು 1,850 ಕಿ.ಮೀ., ಮರುಭೂಮಿ, ಮರಳಿನ ದಿಬ್ಬದ ಮೇಲೆ ದಿಬ್ಬ. ಮುಗಿಸೋಕೆ ವಾರಗಳೇ ಬೇಕು. ಸುಡೋ ಬಿಸಿಲು, ಊಟ ಫ್ರಿಜ್‌ನಲ್ಲೇ ಇರಬೇಕು. ಬೆಳಗ್ಗೆ ಇಂಜಿನ್ ಸ್ಟಾರ್ಟ್ ಆಗಲಿಲ್ಲ ಅಂದ್ರೆ ತಳ್ಳೋಕೂ ಜನ ಇಲ್ಲ. ಅಲ್ಲಿ ಎರಡನೇ ಬ್ಯಾಟರಿ ಶೋಕಿ ಅಲ್ಲ, ಜೀವದ ಪ್ರಶ್ನೆ.

ಲಡಾಖ್, ಸ್ಪಿತಿ ಕಡೆ ಹೋಗೋರ ಸಮಸ್ಯೆ ಬೇರೆ, ಚಳಿ. ಬ್ಯಾಟರಿ ಮೇಲೆ ಸಿಸಿಎ ಅಂತ ಒಂದು ಸಂಖ್ಯೆ ಇರುತ್ತೆ ನೋಡಿ, ಅದು ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡ್ ಎಷ್ಟು ಆಂಪಿಯರ್ ಕೊಡಬಲ್ಲದು ಅನ್ನೋ ಅಳತೆ. ಚಳಿಗೆ ಬ್ಯಾಟರಿ ಬಲ ಇಳಿಯುತ್ತೆ, ಇಂಜಿನ್ ಆಯಿಲ್ ಗಟ್ಟಿಯಾಗಿ ಬೇಕಾದ ಬಲ ಏರುತ್ತೆ. ಆದ್ರೆ ಅಲ್ಲಿಗೆ ಮೊದಲು ಬೇಕಿರೋದು ಒಂದು ಒಳ್ಳೆ, ಹೊಸ ಸ್ಟಾರ್ಟಿಂಗ್ ಬ್ಯಾಟರಿ. ಎರಡನೆಯದು ಆಮೇಲಿನ ಮಾತು.

ಮತ್ತೆ ನಮ್ಮ ಮಲೆನಾಡು? ಇಲ್ಲಿ ಹಳಬರ ಟೆಕ್ನಾಲಜಿ ಒಂದೇ: ಜೀಪನ್ನ ಯಾವಾಗ್ಲೂ ಇಳಿಜಾರಿಗೆ ಮುಖ ಮಾಡಿ ನಿಲ್ಸೋದು. ಬೆಳಗ್ಗೆ ಬ್ಯಾಟರಿ ಕೈಕೊಟ್ರೆ ಹ್ಯಾಂಡ್‌ಬ್ರೇಕ್ ಬಿಟ್ಟು, ಉರುಳಿಸಿ, ಸೆಕೆಂಡ್ ಗೇರ್‌ಗೆ ಹಾಕಿ ಕ್ಲಚ್ ಬಿಟ್ರೆ ಮುಗೀತು. ದೊಡ್ಡಪ್ಪನ ಹಳೇ ಡೀಸೆಲ್ ಜೀಪು ಹೀಗೇ ಎಷ್ಟೋ ಮಳೆಗಾಲ ದಾಟಿದೆ.

ಆದ್ರೆ ಇಲ್ಲೊಂದು ವಿಷಯ ಇದೆ. ಹಳೇ ಇಂಜಿನ್‌ಗೆ ಡೀಸೆಲ್ ಪಂಪು ಪೂರ್ತಿ ಮೆಕ್ಯಾನಿಕಲ್. ಅಣ್ಣನದು ಕಾಮನ್ ರೈಲ್. ಅದರಲ್ಲಿ ಇಂಜೆಕ್ಟರ್ ತೆರೆಯೋದು ಇಸಿಯು ಅನ್ನೋ ಕಂಪ್ಯೂಟರ್. ಬ್ಯಾಟರಿ ಪೂರ್ತಿ ಸತ್ತಿದ್ರೆ ಇಸಿಯು ಏಳಲ್ಲ, ಇಸಿಯು ಏಳದಿದ್ರೆ ಚಾರ್ಮಾಡಿ ಘಾಟಿಯಿಂದ ಉರುಳಿಸಿದ್ರೂ ಸ್ಟಾರ್ಟ್ ಆಗಲ್ಲ.

ಅಂದ್ರೆ ದೊಡ್ಡಪ್ಪನ ಧೈರ್ಯ ದೊಡ್ಡಪ್ಪನ ಜೀಪಿಗೆ ಮಾತ್ರ ಸರಿ.

ಭಾಗ 4/10

ಈಗ ಲೆಕ್ಕ. ಊಹೆ ಬೇಡ, ಅಳತೆ.

ಸೂತ್ರ ಒಂದೇ: ವ್ಯಾಟ್ ಭಾಗಿಸು ವೋಲ್ಟ್ = ಆಂಪಿಯರ್. ಅದನ್ನ ಗಂಟೆಯಿಂದ ಗುಣಿಸಿದ್ರೆ ಆಂಪಿಯರ್-ಅವರ್. ನೀರಿನ ಟ್ಯಾಂಕಿನ ಲೀಟರ್ ಇದ್ದಹಾಗೆ ಅಂದ್ಕೊಳ್ಳಿ.

ಅಣ್ಣನ 12 ವೋಲ್ಟ್ ಫ್ರಿಜ್ ಕಂಪ್ರೆಸರ್ ಓಡುವಾಗ ಸುಮಾರು 45 ವ್ಯಾಟ್ ಎಳೆಯುತ್ತೆ. ಅಂದ್ರೆ 3.75 ಆಂಪಿಯರ್. ಆದ್ರೆ ಅದು ಇಡೀ ದಿನ ಓಡಲ್ಲ, ತಣ್ಣಗಾದ್ರೆ ನಿಂತು, ಬಿಸಿಯಾದ್ರೆ ಮತ್ತೆ ಶುರುವಾಗುತ್ತೆ. ನಾವು ಮೀಟರ್ ಹಾಕಿ ಒಂದು ದಿನ ನೆರಳಲ್ಲಿ ಇಟ್ಟು ನೋಡಿದ್ವಿ. ಮೂರರಲ್ಲಿ ಒಂದು ಪಾಲು ಹೊತ್ತು ಓಡ್ತು. 24 ಗಂಟೆಗೆ ಸುಮಾರು 30 ಆಂಪಿಯರ್-ಅವರ್. ಇದು ನಮ್ಮೂರ ತಂಪಿಗೆ. ಏಪ್ರಿಲ್‌ನಲ್ಲಿ ರಾಯಚೂರಲ್ಲಿ ಇಟ್ರೆ ಈ ನಂಬರ್ ಮರೆತುಬಿಡಿ.

ಕ್ಯಾಂಪ್ ಅಂದ್ರೆ ಸಂಜೆ 4ರಿಂದ ಬೆಳಗ್ಗೆ 10, ಒಟ್ಟು 18 ಗಂಟೆ.

ಫ್ರಿಜ್: 22.5
ಎಲ್‌ಇಡಿ ಲೈಟು, 10 ವ್ಯಾಟ್, 5 ಗಂಟೆ: 4
ನಾಲ್ಕು ಫೋನ್ ಫುಲ್ ಚಾರ್ಜ್: 6
ಒಟ್ಟು: 32.5, ಅಂದ್ರೆ 33 ಅಂತ ಇಟ್ಕೊಳ್ಳಿ

ಜೀಪಿನ ಬ್ಯಾಟರಿ 70 ಆಂಪಿಯರ್-ಅವರ್. 33 ತೆಗೆದ್ರೆ ಹತ್ತಿರ ಹತ್ತಿರ ಅರ್ಧ ಖಾಲಿ. ಬ್ಯಾಟರಿ ಹೊಸದಾಗಿದ್ರೆ ಬೆಳಗ್ಗೆ ಬಹುಶಃ ಸ್ಟಾರ್ಟ್ ಆಗುತ್ತೆ. ನಮ್ಮದಕ್ಕೆ ನಾಲ್ಕು ವರ್ಷ ವಯಸ್ಸು. ಅದಕ್ಕೆ 70 ಅನ್ನೋದು ಈಗ ಸ್ಟಿಕ್ಕರ್ ಮೇಲೆ ಮಾತ್ರ ಇರೋ ಸಂಖ್ಯೆ.

ಸೋ ಒಂದು ವಿಷಯ ಇಲ್ಲೇ ತೀರ್ಮಾನ ಆಯ್ತು. ಇರೋ ಒಂದೇ ಬ್ಯಾಟರಿಯಿಂದ ರಾತ್ರಿಯೆಲ್ಲಾ ಫ್ರಿಜ್ ಓಡಿಸೋದು ಆಗದ ಮಾತು. ಅಣ್ಣ ಇದನ್ನ ಕೇಳಿ ಗೆದ್ದೆ ಅಂದ್ಕೊಂಡ. ತಾಳಣ್ಣ, ಇನ್ನೂ ಆರು ಭಾಗ ಇದೆ.

(ಫ್ರಿಜ್‌ಗಳಲ್ಲಿ ಬ್ಯಾಟರಿ ಪ್ರೊಟೆಕ್ಷನ್ ಅಂತ ಒಂದು ಸೆಟ್ಟಿಂಗ್ ಇರುತ್ತೆ. ವೋಲ್ಟೇಜ್ ಇಳಿದ್ರೆ ಫ್ರಿಜ್ ತಾನೇ ನಿಲ್ಲುತ್ತೆ. ಜೀಪು ಉಳಿಯುತ್ತೆ. ಮೀನು ಉಳಿಯಲ್ಲ.)

ಭಾಗ 5/10

ಡ್ಯುಯಲ್ ಬ್ಯಾಟರಿ ಅಂದ್ರೆ ಎರಡು ಬ್ಯಾಟರಿನ ವೈರಿಂದ ಜೋಡಿಸೋದು ಅಷ್ಟೇ ಅಲ್ಲ. ನಿಜ ಹೇಳ್ಬೇಕಂದ್ರೆ ಅದರ ಪೂರ್ತಿ ಬುದ್ಧಿವಂತಿಕೆ ಇರೋದು ಅವನ್ನ ಬೇರೆ ಮಾಡೋದರಲ್ಲಿ. ಚಾರ್ಜ್ ಆಗುವಾಗ ಎರಡೂ ಜೊತೆ. ಖರ್ಚಾಗುವಾಗ ಬೇರೆ ಬೇರೆ. ಫ್ರಿಜ್ ಎಷ್ಟೇ ಕುಡಿದ್ರೂ ಸ್ಟಾರ್ಟಿಂಗ್ ಬ್ಯಾಟರಿ ಮುಟ್ಟಬಾರದು.

ಅದಕ್ಕೆ ಮೂರು ದಾರಿ:

1. ಕೈಯಿಂದ ತಿರುಗಿಸೋ ಸ್ವಿಚ್. ಅಗ್ಗ. ಆದ್ರೆ ರಾತ್ರಿ ಮರೆತ್ರೆ ಎರಡೂ ಖಾಲಿ.

2. ವಿಎಸ್‌ಆರ್ ಅನ್ನೋ ರಿಲೇ. ಇಂಜಿನ್ ಓಡಿ ವೋಲ್ಟೇಜ್ 13.3ರ ಹತ್ತಿರ ಏರಿದ್ರೆ ತಾನೇ ಜೋಡಿಸುತ್ತೆ, 12.8ರ ಹತ್ತಿರ ಇಳಿದ್ರೆ ತಾನೇ ಬಿಡಿಸುತ್ತೆ. ಹಳೇ ಗಾಡಿ, ಎರಡೂ ಲೆಡ್-ಆಸಿಡ್ ಬ್ಯಾಟರಿ ಆದ್ರೆ ಚೆನ್ನಾಗಿ ಕೆಲಸ ಮಾಡುತ್ತೆ.

3. ಡಿಸಿ-ಡಿಸಿ ಚಾರ್ಜರ್. ಆಲ್ಟರ್ನೇಟರ್ ಏನೇ ಕೊಡ್ಲಿ, ಎರಡನೇ ಬ್ಯಾಟರಿಗೆ ಬೇಕಾದ ವೋಲ್ಟೇಜನ್ನೇ ಕೊಡುತ್ತೆ. ಈಗಿನ ಎಷ್ಟೋ ಗಾಡಿಗಳಲ್ಲಿ ಸ್ಮಾರ್ಟ್ ಆಲ್ಟರ್ನೇಟರ್ ಇರುತ್ತೆ. ಡೀಸೆಲ್ ಉಳಿಸೋಕೆ ಇಸಿಯು ನಡುನಡುವೆ ವೋಲ್ಟೇಜ್ ಇಳಿಸುತ್ತೆ, ಅಲ್ಲಿ ವಿಎಸ್‌ಆರ್ ಗೊಂದಲಕ್ಕೆ ಬೀಳುತ್ತೆ. ಲಿಥಿಯಂ ಬ್ಯಾಟರಿ ಹಾಕೋದಾದ್ರಂತೂ ಇದೇ ಬೇಕು. ಲಿಥಿಯಂ ಸಿಕ್ಕಷ್ಟು ಕರೆಂಟ್ ಎಳ್ಕೊಳ್ಳುತ್ತೆ, ನೇರ ಜೋಡಿಸಿದ್ರೆ ಆಲ್ಟರ್ನೇಟರ್ ಸುಡೋ ಹಾಗೆ ಬಿಸಿಯಾಗಬಹುದು.

ವೈರಿನ ವಿಷಯದಲ್ಲಿ ಜಿಪುಣತನ ಬೇಡ. ಬಾನೆಟ್‌ನಿಂದ ಡಿಕ್ಕಿಗೆ 5 ಮೀಟರ್ ಅಂದ್ರೆ ಹೋಗಿ ಬರೋಕೆ 10 ಮೀಟರ್ ತಾಮ್ರ. 30 ಆಂಪಿಯರ್ ಹರಿಸಿದ್ರೆ:
2.5 ಚದರ ಮಿ.ಮೀ. ವೈರಲ್ಲಿ 2 ವೋಲ್ಟ್ ದಾರೀಲೇ ಮಾಯ
16 ಚದರ ಮಿ.ಮೀ. ವೈರಲ್ಲಿ 0.3 ವೋಲ್ಟ್ ಮಾತ್ರ

ಮಾಯ ಆದ ಆ 2 ವೋಲ್ಟ್ ಎಲ್ಲಿ ಹೋಯ್ತು? ವೈರನ್ನ ಬಿಸಿ ಮಾಡ್ತು. ಅದಕ್ಕೇ ಫ್ಯೂಸ್ ಪ್ರತಿ ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕದಲ್ಲೇ ಇರಬೇಕು, ಎರಡೂ ಕಡೆ. ಕಲ್ಲು ರಸ್ತೇಲಿ ಅಲುಗಾಡಿ ವೈರು ಬಾಡಿಗೆ ಉಜ್ಜಿ ಶಾರ್ಟ್ ಆದ್ರೆ, ಮಧ್ಯದಲ್ಲಿ ಎಲ್ಲೋ ಇರೋ ಫ್ಯೂಸ್ ಕಾಪಾಡಲ್ಲ.

ಇನ್ನೊಂದು. "ಮನೇಲಿ ಇನ್ವರ್ಟರ್ ಬ್ಯಾಟರಿ ಇದೆಯಲ್ಲ, ಅದನ್ನೇ ಹಿಂದೆ ಇಟ್ರಾಯ್ತು" ಅನ್ನೋರಿಗೆ: ಬೇಡ. ಟ್ಯೂಬ್ಯುಲರ್ ಬ್ಯಾಟರಿ ಅಲುಗಾಟಕ್ಕೆ ಮಾಡಿದ್ದಲ್ಲ, ಆಸಿಡ್ ತುಳುಕುತ್ತೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ. ಮುಚ್ಚಿದ ಗಾಡಿಯೊಳಗೆ ಅದರ ಪಕ್ಕ ಕೂತು ಪ್ರಯಾಣ ಮಾಡ್ತೀರಾ?

ಭಾಗ 6/10

ಅಣ್ಣನ ಎರಡನೇ ವಾದ: "ಮುಂದೆ ವಿಂಚ್ ಹಾಕಿಸ್ತೀನಿ ಕಣೇ. ಅದಕ್ಕಾದ್ರೂ ಬೇಕಲ್ಲ?"

ವಿಂಚ್ ಪೂರ್ತಿ ಭಾರ ಎಳೆಯುವಾಗ 400 ಆಂಪಿಯರ್ ಹತ್ತಿರ ತಿನ್ನುತ್ತೆ. ಆಲ್ಟರ್ನೇಟರ್ ಕೊಡೋದು ಅದರ ಕಾಲು ಭಾಗದಷ್ಟು. ಉಳಿದದ್ದು ಬ್ಯಾಟರಿಯಿಂದ. ಕೇಳೋಕೆ ಭಯಾನಕ. ಆದ್ರೆ ಒಂದು ನಿಮಿಷಕ್ಕೆ ಲೆಕ್ಕ ಹಾಕಿ: 400 ಭಾಗಿಸು 60, ಅಂದ್ರೆ 6.7 ಆಂಪಿಯರ್-ಅವರ್. ಕೆಸರಲ್ಲಿ ಹೂತ ಜೀಪನ್ನ ಒಂದು ಸಲ ಎಳೆಯೋಕೆ ಒಳ್ಳೆ ಬ್ಯಾಟರಿ ಒಂದೇ ಸಾಕು. ಇಂಜಿನ್ ಓಡ್ತಿರಬೇಕು, ಸ್ವಲ್ಪ ಎಳೆದು ಸ್ವಲ್ಪ ನಿಲ್ಸಬೇಕು. ಅಷ್ಟು ಕರೆಂಟ್ ಒಟ್ಟಿಗೆ ಕೊಡೋದು ಸ್ಟಾರ್ಟಿಂಗ್ ಬ್ಯಾಟರಿಯ ಗುಣವೇ. ದಿನಕ್ಕೆ ಹತ್ತು ಸಲ ವಿಂಚ್ ಬಳಸೋ ಸ್ಪರ್ಧೆಗಾದ್ರೆ ಮಾತು ಬೇರೆ.

ಲೈಟ್ ಬಾರ್? 120 ವ್ಯಾಟ್ ಆದ್ರೆ 10 ಆಂಪಿಯರ್. ಗಾಡಿ ಓಡ್ತಿರುವಾಗ ಉರಿಸಿದ್ರೆ ಆಲ್ಟರ್ನೇಟರ್ ನೋಡ್ಕೊಳ್ಳುತ್ತೆ. ಜೀಪು ನಿಲ್ಲಿಸಿ ಫೋಟೋಗೆ ಅಂತ ಒಂದು ಗಂಟೆ ಉರಿಸೋರಿಗೆ ಎರಡನೇ ಬ್ಯಾಟರಿಗಿಂತ ಮೊದಲು ಬೇರೇನೋ ಬೇಕು.

ಸಾರಾಂಶ: ಇಂಜಿನ್ ಓಡುವಾಗ ಬಳಸೋ ಸಾಮಾನಿಗೆ ಎರಡನೇ ಬ್ಯಾಟರಿ ಬೇಡ. ಇಂಜಿನ್ ನಿಂತ ಮೇಲೆ, ಗಂಟೆಗಟ್ಟಲೆ ಬಳಸೋ ಸಾಮಾನಿಗೆ ಮಾತ್ರ ಆ ಪ್ರಶ್ನೆ.

ಹಾಗೆ ನೋಡಿದ್ರೆ ನಮ್ಮ ಪಟ್ಟೀಲಿ ಉಳಿದಿದ್ದು ಒಂದೇ. ಫ್ರಿಜ್.

ಭಾಗ 7/10

ಬಿಕಾಂ ಕ್ಲಾಸ್‌ಮೇಟ್ಸ್, ಈ ಭಾಗ ನಿಮಗೆ. ಕಾಸ್ಟ್ ಅಕೌಂಟಿಂಗ್ ಎಕ್ಸಾಮ್‌ಗೆ ಓದಿದ್ದು ಮನೆ ಜಗಲಿ ಮೇಲೆ ಬಂದು ಕೂತ್ಕೊಂಡಿದೆ.

ಅಣ್ಣನ ನೋಟ್‌ಬುಕ್ (ಎರಡನೇ ಫೋಟೋ): ನಾಲ್ಕು ಜನ ಗೆಸ್ಟ್, ತಲೆಗೆ 1,800, ಒಟ್ಟು 7,200. ಊಟ, ಡೀಸೆಲ್, ಸಹಾಯಕ್ಕೆ ಬರೋರ ಕೂಲಿ ಸೇರಿ 4,700. ಉಳಿಯೋದು 2,500. 62,000 ಭಾಗಿಸು 2,500, ಅಂದ್ರೆ 25 ರಾತ್ರಿ. ನವೆಂಬರಿಂದ ಫೆಬ್ರವರಿ ತನಕ ಶುಕ್ರವಾರ, ಶನಿವಾರ ರಾತ್ರಿಗಳು 34. "ಒಂದೇ ಸೀಸನ್‌ನಲ್ಲಿ ಬ್ರೇಕ್-ಈವನ್!" ಅಂತ ಕೆಳಗೆ ಎರಡು ಗೆರೆ ಎಳೆದಿದ್ದ.

ಲೆಕ್ಕ ತಪ್ಪಿಲ್ಲ. ಕೇಳಿರೋ ಪ್ರಶ್ನೆ ಬೇರೆ.

ಆ 2,500 ರೂಪಾಯಿ ಬ್ಯಾಟರಿ ದುಡಿದಿದ್ದಲ್ಲ. ಗೆಸ್ಟ್ ಬರೋದು ಬ್ಯಾಣದ ಮೇಲಿಂದ ಕಾಣೋ ಸೂರ್ಯೋದಯಕ್ಕೆ, ದೊಡ್ಡಮ್ಮನ ಅಕ್ಕಿರೊಟ್ಟಿಗೆ. ಬ್ಯಾಟರಿ ನೋಡೋಕೆ ಯಾರೂ ಬೆಂಗಳೂರಿಂದ ಬರಲ್ಲ. ಪ್ರಶ್ನೆ ಹೀಗಿರಬೇಕು: ಬ್ಯಾಟರಿ ಇದ್ರೆ, ಇಲ್ಲದಿದ್ದರೆ ಎಷ್ಟು ವ್ಯತ್ಯಾಸ? ನಮ್ಮ ಮೇಡಂ ಇದನ್ನ ಇನ್ಕ್ರಿಮೆಂಟಲ್ ಅಂತಾರೆ. ದೊಡ್ಡಪ್ಪ ಇದನ್ನೇ "ಮೀನಿನ ಐಸ್ ಪೆಟ್ಟಿಗೆ ಸಾಕು ಬಿಡೋ" ಅಂದ್ರು.

ಅವರ ಮಾತೂ ಅಳತೆಗೆ ನಿಲ್ಲುತ್ತೆ. ಒಂದು ಕೆ.ಜಿ. ಐಸ್ ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತೆ. 5 ಕೆ.ಜಿ. ಅಂದ್ರೆ ಹೆಚ್ಚುಕಡಿಮೆ 460 ವ್ಯಾಟ್-ಅವರ್‌ನಷ್ಟು ತಂಪು. ಒಂದು ರಾತ್ರಿಗೆ ಒಳ್ಳೆ ಐಸ್ ಬಾಕ್ಸ್ ನಿಜವಾಗ್ಲೂ ಸಾಕು. ಐಸ್ ದುಡ್ಡು, ತರೋ ಓಡಾಟ ಸೇರಿ ರಾತ್ರಿಗೆ 350 ರೂಪಾಯಿ.

ಅಂದ್ರೆ ಫ್ರಿಜ್ ಮತ್ತು ಬ್ಯಾಟರಿ ಉಳಿಸೋದು ರಾತ್ರಿಗೆ 350. 62,000 ಭಾಗಿಸು 350: 178 ರಾತ್ರಿ. ವರ್ಷಕ್ಕೆ 34 ರಾತ್ರಿಯಂತೆ ಐದು ಸೀಸನ್‌ಗೂ ಜಾಸ್ತಿ. ಅದೂ ಎಲ್ಲಾ ವಾರ ಬುಕಿಂಗ್ ಆದ್ರೆ.

"ಫ್ರಿಜ್ ಆಗ್ಲೇ ತಗೊಂಡಾಗಿದೆಯಲ್ಲೇ, ಅದು ದಂಡ ಆಗಲ್ವಾ?" ಅಂದ. ಅದು ಸಂಕ್ ಕಾಸ್ಟ್ ಅಣ್ಣ. ಹೋದ ದುಡ್ಡಿನ ಹಿಂದೆ ಇರೋ ದುಡ್ಡನ್ನ ಕಳಿಸಬಾರದು.

ಅಣ್ಣ ಮಾತಾಡಲಿಲ್ಲ. ಎರಡು ದಿನ ನನ್ನ ಹತ್ರ ಮಾತಾಡಲಿಲ್ಲ.

ಭಾಗ 8/10

ಲೆಕ್ಕ ಇಲ್ಲಿಗೇ ಮುಗಿದಿದ್ರೆ ಐಸ್ ಪೆಟ್ಟಿಗೆ ಗೆದ್ದುಬಿಡ್ತಿತ್ತು. ಆದ್ರೆ ಎಲ್ಲದಕ್ಕೂ ಬ್ರೇಕ್-ಈವನ್ ಹಾಕೋಕಾಗಲ್ಲ.

ನಮ್ಮ ಮನೆಗೆ ಡಾಂಬರು ರಸ್ತೆಯಿಂದ 4 ಕಿ.ಮೀ. ಮಣ್ಣು ದಾರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ಫೋರ್ ವೀಲ್ ಡ್ರೈವ್ ಬಿಟ್ಟು ಬೇರೆ ಯಾವುದೂ ಬರಲ್ಲ. 108ಕ್ಕೆ ಫೋನ್ ಮಾಡಿದ್ರೆ ಗಾಡಿ ಮೇನ್ ರೋಡಿಗೆ ಬರುತ್ತೆ. ಅಲ್ಲಿ ತನಕ ತಲುಪಿಸೋದು ನಮ್ಮ ಜೀಪು. ಹೋದ ಆಷಾಢದಲ್ಲಿ ಕೆಳಗಿನ ಮನೆ ಅಕ್ಕನಿಗೆ ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು ಶುರುವಾದಾಗ ಅವರ ಮನೆಯವರು ಓಡಿ ಬಂದಿದ್ದು ನಮ್ಮ ಅಂಗಳಕ್ಕೆ. ಅಣ್ಣ ಕೀ ತಿರುಗಿಸಿದ, ಜೀಪು ಸ್ಟಾರ್ಟ್ ಆಯ್ತು, ಹೋದ್ರು. ಮಗು ಈಗ ತೆವಳ್ತಾ ಇದೆ.

ಆ ಕೀ ತಿರುಗಿಸಿದ ಕ್ಷಣಕ್ಕೆ ಎಷ್ಟು ಬೆಲೆ ಹಾಕ್ತೀರ?

ಎರಡನೇ ವಿಷಯ ಅಜ್ಜಿ. ಮಳೆಗಾಲದ ತೇವಕ್ಕೆ ಅಜ್ಜಿಗೆ ಉಬ್ಬಸ. ದಿನಕ್ಕೆ ಮೂರು ಸಲ ನೆಬ್ಯುಲೈಸರ್. ಮರ ಬಿದ್ದು ಲೈನ್ ಹೋದ್ರೆ ಮೂರು ನಾಲ್ಕು ದಿನ ಕರೆಂಟ್ ಇಲ್ಲ. ಮನೆ ಇನ್ವರ್ಟರ್ ಮೊದಲ ದಿನಕ್ಕೇ ಕೈ ಚೆಲ್ಲುತ್ತೆ. ನೆಬ್ಯುಲೈಸರ್ 150 ವ್ಯಾಟ್, ಸಲಕ್ಕೆ 15 ನಿಮಿಷ, ಮೂರು ಸಲ: ದಿನಕ್ಕೆ ಸುಮಾರು 112 ವ್ಯಾಟ್-ಅವರ್. ಸಣ್ಣ ಇನ್ವರ್ಟರ್‌ನಲ್ಲಿ ಆಗೋ ನಷ್ಟ ಸೇರಿಸಿ 130.

ಇದನ್ನ ಬರೆದು ನೋಡಿದಾಗ ಎರಡು ವಿಷಯ ಎದ್ದು ಕಾಣಿಸ್ತು.

ಒಂದು: ಜೀಪಿಗೆ ಬೇಕಿರೋದು ಜಾಸ್ತಿ ಕರೆಂಟ್ ಅಲ್ಲ, ಪ್ರತಿ ಸಲ ಸ್ಟಾರ್ಟ್ ಆಗೋ ಗ್ಯಾರಂಟಿ.
ಎರಡು: ಮನೆಗೆ ಬೇಕಿರೋದು ನಾಲ್ಕು ದಿನದ ಕರೆಂಟ್, ಅದು ಜೀಪಿನೊಳಗೆ ಬೋಲ್ಟ್ ಹಾಕಿ ಕೂರಿಸಿದ್ರೆ ಅಜ್ಜಿ ಕೋಣೆಗೆ ಬರಲ್ಲ.

ಭಾಗ 9/10

ಭಾನುವಾರ ಜಗಲೀಲಿ ಎಲ್ಲರೂ ಕೂತ್ವಿ. ನಾನು ಒಂದು ಹಾಳೆ ಓದಿದೆ (ಮೂರನೇ ಫೋಟೋ, ಕಾಫಿ ಕಲೆ ದೊಡ್ಡಪ್ಪಂದು).

ಜೀಪಿಗೆ ಹೊಸ ಸ್ಟಾರ್ಟಿಂಗ್ ಬ್ಯಾಟರಿ: 7,500
ಡ್ಯಾಶ್‌ಬೋರ್ಡಲ್ಲಿ ಇಡೋ ಲಿಥಿಯಂ ಜಂಪ್ ಸ್ಟಾರ್ಟರ್: 5,000
50 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ: 17,500
ಅದಕ್ಕೆ ಮನೇಲಿ ಹಾಕೋ 10 ಆಂಪಿಯರ್ ಚಾರ್ಜರ್: 3,000
500 ವ್ಯಾಟ್ ಪ್ಯೂರ್ ಸೈನ್ ಇನ್ವರ್ಟರ್: 4,500
ಪೆಟ್ಟಿಗೆ, ಫ್ಯೂಸ್, ಸಾಕೆಟ್, ಮೀಟರ್: 2,500
ಒಟ್ಟು: 40,000

ಎರಡನೇ ಬ್ಯಾಟರಿ ಬೇಕು. ಆದ್ರೆ ಜೀಪಿನೊಳಗೆ ಅಲ್ಲ, ಕೈಲಿ ಹಿಡಿಯೋ ಪೆಟ್ಟಿಗೆಯೊಳಗೆ.

50 ಆಂಪಿಯರ್-ಅವರ್ ಅಂದ್ರೆ 640 ವ್ಯಾಟ್-ಅವರ್. ಕ್ಯಾಂಪಿಗೆ ಬೇಕಿರೋ 33 ಆರಾಮಾಗಿ ಕೊಡುತ್ತೆ, ಲಿಥಿಯಂಗೆ ಅಷ್ಟು ಖಾಲಿಯಾಗೋದು ತೊಂದರೆ ಅಲ್ಲ. ಬ್ಯಾಣ ಮನೆಯಿಂದ 6 ಕಿ.ಮೀ. ಮಾತ್ರ, ಶನಿವಾರ ಮಧ್ಯಾಹ್ನ ಮನೇಲಿ ಮೂರೂವರೆ ಗಂಟೆ ಚಾರ್ಜಿಗೆ ಹಾಕಿದ್ರೆ ಆ ರಾತ್ರಿಗೆ ಮತ್ತೆ ರೆಡಿ. ಜೀಪಿಗೂ ಪೆಟ್ಟಿಗೆಗೂ ನಡುವೆ ಒಂದು ವೈರೂ ಇಲ್ಲ. ಹಾಗಾಗಿ ಫ್ರಿಜ್‌ನಿಂದ ಜೀಪು ಸಾಯೋ ಪ್ರಶ್ನೆಯೇ ಇಲ್ಲ. ಗಾಡಿ ವೈರಿಂಗ್ ಕತ್ತರಿಸೋದಿಲ್ಲ, ಬೆಂಕಿ ಭಯ ಇಲ್ಲ. ಮಳೆಗಾಲದಲ್ಲಿ ಅದೇ ಪೆಟ್ಟಿಗೆ ಅಜ್ಜಿ ಮಂಚದ ಪಕ್ಕ. ಶೇ. 80 ಬಳಸಿದ್ರೂ ನೆಬ್ಯುಲೈಸರ್‌ಗೆ ಹೆಚ್ಚುಕಡಿಮೆ ನಾಲ್ಕು ದಿನ.

ಇನ್ವರ್ಟರ್ ಬಿಟ್ಟು ಪೆಟ್ಟಿಗೆ ಖರ್ಚು 23,000. ರಾತ್ರಿಗೆ 350ರಂತೆ 66 ರಾತ್ರಿ, ಎರಡು ಸೀಸನ್. ಇದು ನಂಬಬಹುದಾದ ಸಂಖ್ಯೆ.

ಉಳಿದ 40,000 ಬ್ಯಾಂಕಿಗೆ. ಶೇ. 9ರ ಬಡ್ಡಿಯಂತೆ ವರ್ಷಕ್ಕೆ 3,600 ಉಳಿತಾಯ. ಸರ ಇನ್ನೂ ಪೂರ್ತಿ ಬಿಡಿಸೋಕಾಗಲ್ಲ, ಆದ್ರೆ ಅರ್ಧ ದಾರಿ ಬಂದ ಹಾಗಾಯ್ತು.

ಅಣ್ಣ ಹಾಳೆ ತಗೊಂಡು ತುಂಬಾ ಹೊತ್ತು ನೋಡಿದ. "ಬುಕಿಂಗ್ ಜಾಸ್ತಿ ಆಗಿ ದೂರ ದೂರ ಕರ್ಕೊಂಡ್ ಹೋಗೋದಾದ್ರೆ?" ಅಂದ. ಆಗ ಇದೇ ಪೆಟ್ಟಿಗೆಗೆ ಜೀಪಿಂದ ಒಂದು ದಪ್ಪ ವೈರು, ಡಿಸಿ-ಡಿಸಿ ಚಾರ್ಜರ್, ಬಿಚ್ಚೋ ಪ್ಲಗ್ ಹಾಕಿದ್ರಾಯ್ತು ಅಂದೆ. ಇವತ್ತು ಕೊಂಡಿದ್ದು ಯಾವುದೂ ದಂಡ ಆಗಲ್ಲ. ಒಂದು ಸೀಸನ್ ದುಡಿದ ಮೇಲೆ, ಆ ದುಡ್ಡಲ್ಲೇ.

ಸ್ವಲ್ಪ ಹೊತ್ತು ಬಿಟ್ಟು, "ಸರಿ ಕಣೇ" ಅಂದ. ಖುಷಿಯಿಂದ ಅಲ್ಲ. ಆದ್ರೆ ಅಂದ.

ದೊಡ್ಡಮ್ಮ ಸರದ ಬಗ್ಗೆ ಏನೂ ಹೇಳಲಿಲ್ಲ. "ಆ ಪೆಟ್ಟಿಗೆ ಎತ್ತೋಕೆ ಭಾರನಾ?" ಅಂತ ಮಾತ್ರ ಕೇಳಿದ್ರು. ಬ್ಯಾಟರಿ ಆರೇಳು ಕೆ.ಜಿ. ಅಂದೆ. "ಹಾಗಾದ್ರೆ ನಾನೇ ಎತ್ತಿ ಅತ್ತೆ ಕೋಣೇಲಿ ಇಡ್ತೀನಿ" ಅಂದ್ರು. ಅಣ್ಣ ಕ್ಯಾಂಪಿಗೆ ಹೋಗದ ದಿನ ಅದು ಯಾರ ಪೆಟ್ಟಿಗೆ ಅಂತ ಅಲ್ಲೇ ತೀರ್ಮಾನ ಆಯ್ತು.

ಭಾಗ 10/10

ನಮ್ಮ ಉತ್ತರ ನಿಮ್ಮ ಉತ್ತರ ಆಗಬೇಕಿಲ್ಲ. ನಿಮ್ಮ ಗಾಡಿಗೆ ನೀವೇ ಕೇಳ್ಕೊಳ್ಳೋ ಐದು ಪ್ರಶ್ನೆ, ಸೇವ್ ಮಾಡ್ಕೊಳ್ಳಿ:

1. ಇರೋ ಬ್ಯಾಟರಿ ಆರೋಗ್ಯವಾಗಿದೆಯಾ? ನಿಂತಾಗ 12.6, ಓಡುವಾಗ 14ರ ಆಸುಪಾಸು ಬರ್ತಿದೆಯಾ? ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದೆಯಾ? ಮೊದಲು ಇದು ಸರಿ ಮಾಡಿ. ಎಷ್ಟೋ ಜನರ ಡ್ಯುಯಲ್ ಬ್ಯಾಟರಿ ಆಸೆ ಇಲ್ಲೇ ತೀರಿಹೋಗುತ್ತೆ.

2. ಇಂಜಿನ್ ನಿಂತ ಮೇಲೆ ಎಷ್ಟು ಆಂಪಿಯರ್-ಅವರ್ ಬೇಕು? ಬರೆದು ಕೂಡಿಸಿ. ಬರೀ ಲೈಟು, ಫೋನು ಆದ್ರೆ 10 ದಾಟಲ್ಲ, ಆರೋಗ್ಯವಾಗಿರೋ ಬ್ಯಾಟರಿ ಒಂದೇ ಸಾಕು. ಫ್ರಿಜ್ ಬಂದ್ರೆ ಮಾತ್ರ ಮುಂದಿನ ಪ್ರಶ್ನೆಗೆ ಹೋಗಿ.

3. ಒಂದೇ ಜಾಗದಲ್ಲಿ ಎಷ್ಟು ರಾತ್ರಿ? ದಿನಾ ಮೂರು ನಾಲ್ಕು ಗಂಟೆ ಓಡ್ಸಿ ರಾತ್ರಿ ನಿಲ್ಲೋರಿಗೆ ಡಿಸಿ-ಡಿಸಿ ಚಾರ್ಜರ್ ಇರೋ ಫಿಕ್ಸ್ ಮಾಡಿದ ಸಿಸ್ಟಮ್ ನಿಜವಾಗ್ಲೂ ಅನುಕೂಲ. ಒಂದು ರಾತ್ರಿ ಇದ್ದು ಮನೆಗೆ ಬರೋರಿಗೆ ಪೆಟ್ಟಿಗೆ ಅಥವಾ ಐಸ್ ಸಾಕು. ಮೂರು ದಿನ ಗಾಡಿ ಅಲುಗಾಡಿಸದೆ ಕೂರೋರಿಗೆ ಆಲ್ಟರ್ನೇಟರ್ ಉಪಯೋಗಕ್ಕೆ ಬರಲ್ಲ, ಸೋಲಾರ್ ಪ್ಯಾನೆಲ್ ಬೇಕು.

4. ಸ್ಟಾರ್ಟ್ ಆಗದಿದ್ರೆ ಏನಾಗುತ್ತೆ? ಇನ್ನೊಂದು ಗಾಡಿ ಜೊತೇಲಿ ಇದ್ರೆ ಜಂಪರ್ ಕೇಬಲ್ ಸಾಕು. ಒಬ್ರೇ ಹೋಗೋದಾದ್ರೆ ಜಂಪ್ ಸ್ಟಾರ್ಟರ್ ಬೇಕೇಬೇಕು, ಅದನ್ನೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಹಳೇ ಮೆಕ್ಯಾನಿಕಲ್ ಡೀಸೆಲ್ ಆದ್ರೆ ಇಳಿಜಾರು ನೋಡಿ ನಿಲ್ಸಿ, ದೊಡ್ಡಪ್ಪನ ಹೆಸರು ಹೇಳಿ.

5. ಆ ದುಡ್ಡು ಇಲ್ಲಿಗೆ ಬರದಿದ್ರೆ ಇನ್ನೆಲ್ಲಿಗೆ ಹೋಗ್ತಿತ್ತು? ಪುಸ್ತಕದಲ್ಲಿ ಇದಕ್ಕೆ ಆಪರ್ಚುನಿಟಿ ಕಾಸ್ಟ್ ಅಂತಾರೆ. ನನಗೆ ಆ ಪದ ಪೂರ್ತಿ ಅರ್ಥ ಆಗಿದ್ದು ಈ ಎರಡು ವಾರದಲ್ಲಿ. ಅದಕ್ಕೆ ಒಂದು ಮುಖ ಇರುತ್ತೆ. ನಮ್ಮನೇಲಿ ಅದು ದೊಡ್ಡಮ್ಮನ ಬರಿದಾದ ಕುತ್ತಿಗೆ.

ಇಷ್ಟು ಕೇಳಿದ ಮೇಲೂ "ಬೇಕು" ಅಂತ ಬಂದ್ರೆ ಹಾಕಿಸಿ, ಸಣ್ಣ ಮನಸ್ಸು ಬೇಡ. ದಪ್ಪ ವೈರು, ಎರಡೂ ಕಡೆ ಫ್ಯೂಸ್, ಗಟ್ಟಿ ಟ್ರೇ. ಕಾಡೊಳಗೆ ಅನುಮತಿ ಇಲ್ದೆ ಟೆಂಟ್ ಹಾಕ್ಬೇಡಿ, ಬ್ಯಾಟರಿ ಎಷ್ಟೇ ಇದ್ರೂ ಅದು ತಪ್ಪೇ.

ಪೆಟ್ಟಿಗೆ ಮುಂದಿನ ವಾರ ಬರುತ್ತೆ. ಮೊದಲ ಬುಕಿಂಗ್ ನವೆಂಬರ್ ಎರಡನೇ ಶನಿವಾರಕ್ಕೆ. ಮೀಟರ್ ರೀಡಿಂಗ್ ಪ್ರತಿ ರಾತ್ರಿ ಬರೆದಿಡು ಅಂತ ಅಣ್ಣನಿಗೆ ಹೇಳಿದ್ದೀನಿ, ಫೆಬ್ರವರಿಲಿ ನನ್ನ 33 ನಿಜ ಆಯ್ತಾ ಇಲ್ವಾ ಅಂತ ಇಲ್ಲೇ ಹಾಕ್ತೀನಿ.

ನಿಮ್ಮನೇಲಿ ಇಂಥ ಲೆಕ್ಕ ಯಾವುದಾದ್ರೂ ಬಾಕಿ ಇದ್ರೆ ಒಂದು ಹಾಳೆ ತಗೊಂಡು ಕೂತ್ಕೊಳ್ಳಿ. ಡಿಗ್ರಿ ಮುಗಿಯೋ ತನಕ ಕಾಯಬೇಕಿಲ್ಲ.

#ಜೀಪು #ಮಲೆನಾಡು #ಎರಡನೇಬ್ಯಾಟರಿ #ಬಿಕಾಂಲೆಕ್ಕ